ಕಾಲು ನೋಡುವ ಭಾವ

ನಮ್ಮ ಭಾವನಿಗೆ ಊರಲ್ಲಿ ಒಬ್ಬರ ಮುಖವೂ ನೆನಪಿರುವುದಿಲ್ಲ. ಕಾಲು ಮಾತ್ರ ಎಲ್ಲರದೂ ಗೊತ್ತು! ನಗಬೇಡಿ. ಅವರನ್ನು ಕಟ್ಟಿಕೊಂಡ ನಮ್ಮಕ್ಕನನ್ನು ಕೇಳಿ, ಅತ್ತೇಬಿಡುತ್ತಾಳೆ.

ಎಪ್ಪತ್ತರ ದಶಕದಲ್ಲಿ ಭಾವ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು. ಬೀರುಗಳ ಸಾಲಿನಂಥ ಯಂತ್ರ. ಇಡೀ ಕಟ್ಟಡದಲ್ಲಿ ಅದಕ್ಕೊಂದಕ್ಕೇ ಏಸಿ. ಅಂಥ ತಂಪು ನೌಕರಿ ಬಿಟ್ಟು ವೈದ್ಯಕೀಯ ಸಂಶೋಧನೆಗೆ ಹಾರಿದರು! ಮನುಷ್ಯ ನಡೆಯುವ ರೀತಿಯನ್ನು ಕಂಪ್ಯೂಟರಿಗೆ ಕಲಿಸಿ, ಪೋಲಿಯೊ ಆದವರ ಕಾಲಿಗೆ ಕಟ್ಟುವ ಕಬ್ಬಿಣದ ಪಟ್ಟಿಯನ್ನು ಸರಿಯಾಗಿ ಲೆಕ್ಕ ಹಾಕಿ ಮಾಡಿಸಬೇಕಂತೆ.

"ನಡೆಯೋದನ್ನ ಕಲಿಸೋಕೆ ಕಾಲೇ ಇಲ್ಲದ ಯಂತ್ರ ಬೇಕಿತ್ತಾ?" ಅಂದಳು ಅಕ್ಕ.

ಶುರುವಾಯಿತು ನಮ್ಮ ಗ್ರಹಚಾರ. ಬಸ್‌ಸ್ಟಾಪಿನಲ್ಲಿ ಭಾವ ಹೆಂಗಸೊಬ್ಬರ ಪಾದಗಳನ್ನೇ ನೋಡುತ್ತ ನಿಂತರು. ಆಕೆ ಚಪ್ಪಲಿ ಕೈಗೆತ್ತಿಕೊಂಡರೆ, "ಒಳ್ಳೇದಾಯ್ತು ಮೇಡಂ, ಈಗ ಬರಿಗಾಲಲ್ಲಿ ನಡೀರಿ!" ಅಂದರಂತೆ. ನನಗೆ ಹೆಣ್ಣು ನೋಡಲು ಅವರನ್ನೂ ಕರೆದುಕೊಂಡು ಹೋದೆವು. ಹುಡುಗಿಯ ಅಪ್ಪನ ಎದುರೇ, "ಎಡ ಮಂಡಿ ಸಕ್ಕತ್ತಾಗಿ ಮಡಚುತ್ತೆ ಕಣೋ!" ಅಂತ ಕೂಗಿದರು. ನಮಗೆ ಕಾಫಿಯೂ ಸಿಗಲಿಲ್ಲ.

ಆಮೇಲೆ ಅವರು ಹೊರಟಲ್ಲೆಲ್ಲ ನಾನು ಕಾವಲು. ಹಾಗೇ ಹೂಡಿ ಅನ್ನೋ ಹಳ್ಳಿಗೂ ಹೋದೆ. ಅಲ್ಲಿ ರತ್ನಮ್ಮ ಅಂತ, ರೈತರ ಮನೆಯ ಸೊಸೆ. ಪೋಲಿಯೊದಿಂದ ಬಲಗಾಲು ಸೋತಿತ್ತು. ಪ್ರತಿ ಹೆಜ್ಜೆಗೂ ಕೈಯಿಂದ ತೊಡೆ ಒತ್ತಿ ಹಿಡಿದೇ ನಡೆಯಬೇಕು. ಭಾವ ಕಂಪ್ಯೂಟರ್ ಲೆಕ್ಕದ ಪಟ್ಟಿ ತಂದು ಕಟ್ಟಿದರು. ಅದರ ಕಿರ್ರೋ ಸದ್ದಿಗೆ ಊರ ನಾಯಿಗಳೆಲ್ಲ ಹಿಂದೆ ಬಿದ್ದವು!

"ಸಾರ್, ನಿಮ್ ಕಂಪ್ಯೂಟರು ಒಂದಿನ ಇದನ್ನ ಆಕ್ಕೊಂಡು ಓಡಾಡ್ಲಿ, ಆಮೇಲೆ ನಂಗೇಳಿ" ಅಂದಳು ರತ್ನಮ್ಮ.

ಭಾವ ಆ ಪಟ್ಟಿ ಬಿಚ್ಚಿಸಿಕೊಂಡು ಬಂದು, ಅದೇ ಲೆಕ್ಕದ ಇನ್ನೊಂದನ್ನು ತಮ್ಮ ಕಾಲಿಗೇ ಮಾಡಿಸಿ ಕಟ್ಟಿಕೊಂಡರು! ಕುಂಟುತ್ತಲೇ ತಿರುಗಾಟ. ಬಸ್ಸಿನಲ್ಲಿ ಮುದುಕರು ಎದ್ದು ಜಾಗ ಬಿಟ್ಟರು. ನೆರೆಯವರು ಅಕ್ಕನಿಗೆ ಸಮಾಧಾನ ಹೇಳಲು ಬಂದರು. "ಕಾಲು ಚೆನ್ನಾಗೇ ಇದೆ ಕಣ್ರೀ, ತಲೆಗೇ ಏನೋ ಆಗಿರೋದು" ಅಂತ ಹೇಳಿ ಹೇಳಿ ಅಕ್ಕನಿಗೆ ಸಾಕಾಗಿಹೋಯಿತು. ತೊಡೆಯ ಮೇಲೆ ಹುಣ್ಣಾದಾಗ ಭಾವನಿಗೆ ಖುಷಿಯೋ ಖುಷಿ: "ಲೆಕ್ಕ ತಪ್ಪಿದ್ದು ಇಲ್ಲೇ!"

ಲೆಕ್ಕ ತಿದ್ದಿ ಮಾಡಿಸಿದ ಹೊಸ ಪಟ್ಟಿ ಹಗುರಾಗಿತ್ತು. ಅದನ್ನು ಕಟ್ಟಿಕೊಂಡು ರತ್ನಮ್ಮ ಅಂಗಳದಲ್ಲಿ ನಡೆದಳು. ತೊಡೆ ಒತ್ತುತ್ತಿದ್ದ ಕೈಗೆ ಈಗ ಕೆಲಸವಿಲ್ಲ. ಅದನ್ನು ಎಲ್ಲಿಡಬೇಕೋ ತಿಳಿಯದೆ ಸೆರಗು ಹಿಡಿದಳು, ಬಿಟ್ಟಳು. ಆಮೇಲೆ ಅತ್ತೆಯ ಸೊಂಟದಲ್ಲಿದ್ದ ತನ್ನ ಮಗುವನ್ನು ಎತ್ತಿಕೊಂಡಳು. ಅದು ಹುಟ್ಟಿದಾಗಿನಿಂದ ಎತ್ತಿಕೊಂಡು ಒಂದು ಹೆಜ್ಜೆಯೂ ಇಟ್ಟವಳಲ್ಲ. ಈಗ ಬಾವಿಯವರೆಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು.

ಭಾವನಿಗೆ ಏನೋ ಹೇಳೋಣವೆಂದು ತಿರುಗಿದರೆ ಅವರಿಲ್ಲ. ಹುಡುಕಿದೆ. ಕೊಟ್ಟಿಗೆಯ ಹಿಂದೆ, ಎಮ್ಮೆಯ ಬೆನ್ನಿಗೆ ಕೈಯೂರಿ ನಿಂತು, ಬಿಕ್ಕಿ ಬಿಕ್ಕಿ ಅಳುತ್ತಿದ್ದರು.