ಭೈರವಿ ರಾಗದವರಿಗೆ ಇಳಕಲ್ಲಿನ ಡಿಜೆಯ ತಕರಾರು

ಸಕಲ ಕಚೇರಿಗಳ ಕೊನೆಯ ಮಾತಾದ ಭೈರವಿ ರಾಗದವರ ಸನ್ನಿಧಿಗೆ,

ಮಾನ್ಯರೇ,

ಇಳಕಲ್ಲಿನಿಂದ ಗೌತಮಿ ಮಾಡುವ ಅನಂತ ನಮಸ್ಕಾರಗಳು. ತಾವು ನೂರಾರು ವರ್ಷಗಳಿಂದ ಕ್ಷೇಮವಾಗಿಯೇ ಇದ್ದೀರಿ, ನಾವೆಲ್ಲ ಹೋದ ಮೇಲೂ ಹಾಗೆಯೇ ಇರುತ್ತೀರಿ, ಆದ್ದರಿಂದ ತಮ್ಮ ಆರೋಗ್ಯ ವಿಚಾರಿಸಿ ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುವುದಿಲ್ಲ. ನನ್ನ ಪರಿಚಯವನ್ನಷ್ಟೇ ಹೇಳಿಬಿಡುತ್ತೇನೆ. ವಾರವೆಲ್ಲ ಹುನಗುಂದದ ಒಂದು ದವಾಖಾನೆಯಲ್ಲಿ ಜನರ ರಕ್ತ ತೆಗೆದು ಪರೀಕ್ಷೆ ಮಾಡುವುದು ನನ್ನ ನೌಕರಿ, ಶನಿವಾರ ರವಿವಾರ ಬಂದರೆ ನಾನು ಡಿಜೆ. ಎರಡೂ ಕಡೆ ಜನ ಮೊದಲು ಹೆದರುತ್ತಾರೆ, ಆಮೇಲೆ ಇಷ್ಟೇನಾ ಅನ್ನುತ್ತಾರೆ.

ಇನ್ನು ತಮಗೂ ನಮ್ಮ ಮನೆತನಕ್ಕೂ ಇರುವ ನಂಟನ್ನು ನಾನು ಹೇಳಬೇಕಾಗಿಲ್ಲ. ನಮ್ಮ ಅಪ್ಪ ದತ್ತಾತ್ರೇಯ ಮಾಸ್ತರರು ಊರಿನಲ್ಲಿ ಹಾಡು ಕಲಿಸುವವರು, ತಮ್ಮನ್ನು ದಿನಕ್ಕೊಮ್ಮೆಯಾದರೂ ಕರೆದು ಮಾತಾಡಿಸದಿದ್ದರೆ ಅವರಿಗೆ ಅನ್ನ ಸೇರುವುದಿಲ್ಲ. "ನಿಮ್ಮಪ್ಪನ ಮೊದಲನೇ ಹೆಂಡತಿ ಭೈರವಿ, ನಾ ಎರಡನೇಯಾಕಿ" ಎಂದು ನಮ್ಮ ಅಮ್ಮ ವಿಮಲಾಬಾಯಿ ಬಂದವರೆದುರಿಗೆಲ್ಲ ನಗುತ್ತಲೇ ಹೇಳುತ್ತಾಳೆ. ಆ ಲೆಕ್ಕದಲ್ಲಿ ತಾವು ನನಗೆ ಮಲತಾಯಿ ಆಗಬೇಕು. ಆ ಸಲುಗೆಯಿಂದಲೇ ಈ ತಕರಾರು ಬರೆಯುತ್ತಿದ್ದೇನೆ, ದಯವಿಟ್ಟು ಸಿಟ್ಟಾಗಬಾರದು.

ಊರಿನ ಯುವಕ ಸಂಘದವರು ಹೋದ ಶನಿವಾರ ಸಂಜೆ ಮಂಗಲ ಕಾರ್ಯಾಲಯದಲ್ಲಿ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದರು. ಮೊದಲು ಅಪ್ಪನ ಹಾಡು, ನಂತರ ನನ್ನ ಡಿಜೆ. ಅಪ್ಪ ನನ್ನ ಡಿಜೆಯನ್ನು ಈವರೆಗೆ ಒಮ್ಮೆಯೂ ಕೇಳಿರಲಿಲ್ಲ. "ಅದು ಸಂಗೀತ ಅಲ್ಲ, ಸದ್ದು" ಎಂದು ಕೇಳದೆಯೇ ತೀರ್ಪು ಕೊಟ್ಟು ಕೂತಿದ್ದರು. ಒಂದೇ ವೇದಿಕೆಗೆ ಬರಲು ಅವರನ್ನು ಒಪ್ಪಿಸುವಷ್ಟರಲ್ಲಿ ಅಮ್ಮನಿಗೆ ಸಾಕುಸಾಕಾಗಿತ್ತು. ನನ್ನ ಆಸೆ ಇಷ್ಟೇ ಇತ್ತು: ಹಾಡು ಮುಗಿಸಿದ ಮೇಲೆ ಅಪ್ಪ ಅಲ್ಲೇ ಕೂತು ನನ್ನದು ಒಂದಾದರೂ ಟ್ಯೂನ್ ಕೇಳಬೇಕು. ಕೇಳಿ ಬೈದರೂ ನಡೆಯುತ್ತಿತ್ತು.

ಸಂಘದ ಕಾರ್ಯದರ್ಶಿ ಸಂತೋಷಕುಮಾರ ಭಾಳ ಸಂಭಾವಿತ ಹುಡುಗ. ದೊಡ್ಡವರು ಮೊದಲು, ಸಣ್ಣವರು ಆಮೇಲೆ ಎಂಬ ಮರ್ಯಾದೆಯಿಂದ ಕಾರ್ಯಕ್ರಮ ಜೋಡಿಸಿದ. ಆ ಮರ್ಯಾದೆಯೇ ನಮ್ಮನ್ನು ಮುಳುಗಿಸಿತು. ತಮ್ಮನ್ನು ಹಾಡಿದ ಮೇಲೆ ಆ ಸಭೆಯಲ್ಲಿ ಇನ್ಯಾರೂ ಹಾಡಬಾರದು, ಬಾರಿಸಬಾರದು, ಕೇಳಿದವರು ಕೈಮುಗಿದು ಮನೆಗೆ ಹೋಗಬೇಕು ಎಂಬ ರೂಢಿ ಪಾಪ ಅವನಿಗೆಲ್ಲಿ ಗೊತ್ತು? ಗೊತ್ತಿದ್ದ ನಾನಾದರೂ ಅಪ್ಪನಿಗೆ ಒಂದು ಮಾತು ಹೇಳಬಹುದಿತ್ತು, ಆದರೆ ಸ್ಪೀಕರಿನ ವೈರು ಜೋಡಿಸುವ ಗಡಿಬಿಡಿಯಲ್ಲಿ ತಮ್ಮಂಥ ಹಿರಿಯರ ನೆನಪೇ ಬರಲಿಲ್ಲ. ಅಪ್ಪನಿಗೋ, ಭೈರವಿ ಹಾಡದೆ ವೇದಿಕೆಯಿಂದ ಏಳುವುದೆಂದರೆ ಮಜ್ಜಿಗೆ ಅನ್ನ ಉಣ್ಣದೆ ಎಲೆಯಿಂದ ಎದ್ದ ಹಾಗೆ. ಕಣ್ಣು ಮುಚ್ಚಿದರು, ತಮ್ಮನ್ನು ಕರೆದರು, ತಾವೂ ಹಿಂದೆಮುಂದೆ ನೋಡದೆ ಬಂದೇಬಿಟ್ಟಿರಿ.

ಏನು ಬಂದಿರಿ! ತಮ್ಮನ್ನು ಹೊಗಳದೆ ಇರಲು ನನ್ನಿಂದಾಗದು. ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದವರು ಮೊಬೈಲ್ ಕೆಳಗಿಟ್ಟರು, ರೇಷ್ಮೆ ಅಂಗಡಿಯ ಸಾಹುಕಾರರು ಕಣ್ಣೊರೆಸಿಕೊಂಡರು, ತಬಲಾದ ಅಯೂಬ ಕಾಕಾ ಮೂರು ಸಲ ಮರುಕಳಿಸುವ ಕೊನೆಯ ತಿಹಾಯಿಯನ್ನು ತಾಳದ ಮೊದಲ ಪೆಟ್ಟಿಗೆ ಸರಿಯಾಗಿ ತಂದು ಇಟ್ಟಾಗ ನನಗೂ ಮೈ ಜುಮ್ಮೆಂದಿತು. ಅಷ್ಟು ಚೆಂದವಾಗಿ ನನ್ನ ಸಂಜೆಯನ್ನು ತಾವು ಮಣ್ಣು ಮಾಡಿದಿರಿ.

ಮುಂದೆ ನಡೆದದ್ದನ್ನು ತಾವು ನೋಡಲಿಲ್ಲ, ಬೆಂಕಿ ಹಚ್ಚಿದವರು ನಿಂತು ನೋಡುವುದುಂಟೇ? "ಭೈರವಿ ಆತು, ಇನ್ನೇನದ? ನಡೀರಿ" ಎಂದು ಹಿರಿಯರೆಲ್ಲ ಎದ್ದರು. ಕಾರ್ಯಾಲಯ ನೋಡಿಕೊಳ್ಳುವ ಅಂದಪ್ಪ ಕಾಕಾ ಇಂಥ ಕಚೇರಿಗಳನ್ನು ಲೆಕ್ಕವಿಲ್ಲದಷ್ಟು ಕಂಡವರು, ರೂಢಿಯ ಪ್ರಕಾರ ಜಮಖಾನೆ ಸುತ್ತಿದರು, ವೇದಿಕೆಯ ದೀಪ ಆರಿಸಿದರು, ಬೀಗ ಹುಡುಕತೊಡಗಿದರು. ಹೊರಗೆ ಮಿರ್ಚಿ ಗಿರಮಿಟ್ ತಿನ್ನುತ್ತ ನನ್ನ ಸರದಿಗೆ ಕಾಯುತ್ತಿದ್ದ ಹುಡುಗರು ಒಳಗಿನವರು ಚಪ್ಪಲಿ ಮೆಟ್ಟುವುದನ್ನು ಕಂಡು "ಡಿಜೆ ಮುಗೀತೇನಲೇ? ಸದ್ದ ಕೇಳಲಿಲ್ಲಲ್ಲ!" ಎಂದು ಕಂಗಾಲಾದರು. ಸಂತೋಷಕುಮಾರ ಬೆವರು ಒರೆಸಿಕೊಳ್ಳುತ್ತ "ಅಕ್ಕಾರ, ಈಗ ಏನ ಮಾಡೂದ್ರಿ?" ಎಂದು ನನ್ನನ್ನೇ ಕೇಳಿದ. ಬಾಗಿಲ ಹತ್ತಿರ ಅಪ್ಪ, ಸನ್ಮಾನದ ಶಾಲು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಹುಡುಕುತ್ತಿದ್ದರು. ನನಗೆ ಅಳು ಬಂದಿತ್ತು, ಸುಳ್ಳೇಕೆ ಹೇಳಲಿ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳಿವೆ. ಇನ್ನು ಮುಂದೆ ಡಿಜೆ ಇರುವ ಸಂಜೆ ತಾವು ದಯಮಾಡಿ ರಜೆ ಹಾಕಿ ಬದಾಮಿ ಕಡೆಗೆ ಗಾಳಿ ಸೇವನೆಗೆ ಹೋಗಬೇಕು. ಹೋಗಲು ಆಗದಿದ್ದರೆ ಇಷ್ಟು ಗಟ್ಟಿಯಾಗಿ ಬಾಗಿಲು ಹಾಕದ ಯಾವುದಾದರೂ ಸಾಧು ರಾಗವನ್ನು ತಮ್ಮ ಬದಲಿಗೆ ಕಳಿಸಿಕೊಡಬೇಕು. ಅದೂ ಆಗದಿದ್ದರೆ ತಮ್ಮ ನಂತರ ಬಾರಿಸಲು ಅಡ್ಡಿಯಿಲ್ಲವೆಂದು ಕೋಮಲ ನಿಷಾದದ ಮೊಹರು ಒತ್ತಿ ಒಂದು ಪತ್ರ ಕೊಡಬೇಕು, ಅದನ್ನು ಚೌಕಟ್ಟು ಹಾಕಿಸಿ ಸ್ಪೀಕರಿನ ಮೇಲೆ ಇಟ್ಟುಕೊಳ್ಳುತ್ತೇನೆ.

ಹೀಗೆ ತಮ್ಮ ಮೇಲೆ ಇಷ್ಟೆಲ್ಲ ದೂರು ಹೇಳಿದ ಮೇಲೆ ಆ ಸಂಜೆಯ ಉಳಿದ ಭಾಗವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ನಾನು ಹತಾಶಳಾಗಿ, ಕತ್ತಲೆಯಲ್ಲೇ, ನಾನೇ ಕೂಡಿಸಿದ ಒಂದು ಟ್ಯೂನನ್ನು ಹಚ್ಚಿಬಿಟ್ಟೆ. ಇನ್ನೇನು ಕಳೆದುಕೊಳ್ಳುವುದಿತ್ತು? ಹೋಗುತ್ತಿದ್ದ ಹಿರಿಯರು ತಿರುಗಿ ನೋಡಿದರು, ಒಬ್ಬಿಬ್ಬರು "ಭೈರವಿ ಆದ ಮ್ಯಾಲ ಇದೇನ ಅಪಚಾರ?" ಎಂದು ಗೊಣಗಿದರು. ಅಪ್ಪನೂ ನಿಂತರು. ಸ್ವಲ್ಪ ಹೊತ್ತು ಕಿವಿಗೊಟ್ಟರು. ಆಮೇಲೆ ಪಾಠ ಹೇಳುವ ಧ್ವನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಎಲ್ಲಿ ಹೊಂಟೀರಿ? ಈಕಿ ಬಾರಸ್ಲಿಕ್ಕತ್ತಿದ್ದೂ ಭೈರವಿನ. ಭೈರವಿ ಇನ್ನೂ ಮುಗದಿಲ್ಲ. ನಡುವ ಏಳಬಾರದು, ಕೂಡ್ರಿ."

ಮಾಸ್ತರರೇ ಹೇಳಿದ ಮೇಲೆ ಎದುರಾಡುವವರು ಯಾರು? ಹಿರಿಯರೆಲ್ಲ ಮರಳಿ ಬಂದು ಸುತ್ತಿಟ್ಟ ಜಮಖಾನೆಯ ಮೇಲೆಯೇ ಸಾಲಾಗಿ ಕೂತರು. ಅಂದಪ್ಪ ಕಾಕಾ ದೀಪ ಹಾಕಿದರು. ಹುಡುಗರು ಗಿರಮಿಟ್ಟಿನ ಕಾಗದ ಎಸೆದು ಒಳಗೆ ನುಗ್ಗಿ ಕುಣಿದರು, ಅವರ ಕುಣಿತದ ಮುಂದೆ ಸಾಹುಕಾರರು ತೊಡೆಯ ಮೇಲೆ ತಾಳ ಹಾಕಿದರು. ತಬಲಾಕ್ಕೆ ಗವಸಣಿಗೆ ಹಾಕುತ್ತಿದ್ದ ಅಯೂಬ ಕಾಕಾ ಮಾತ್ರ ತಲೆ ಬಗ್ಗಿಸಿ, ಭುಜ ಕುಣಿಯುವಂತೆ ಒಬ್ಬರೇ ನಗುತ್ತಿದ್ದರು, ಯಾಕೆಂದು ನನಗಾಗ ತಿಳಿಯಲಿಲ್ಲ. ಅಪ್ಪ ಒಂದು ಕಿವಿಗೆ ಶಾಲು ಒತ್ತಿಕೊಂಡು ಕೊನೆಯವರೆಗೂ ಕೂತರು. ಮನೆಗೆ ಬಂದ ಮೇಲೆ ಕೈಕಾಲು ತೊಳೆದು, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ, "ಲಯದಾಗ ಸ್ವಲ್ಪ ಓಡ್ತಿ, ಸಂಭಾಳಿಸು" ಎಂದರು. ಕೇಳಿದವರು ಮಾತ್ರ ಹೇಳಬಲ್ಲ ತಪ್ಪು ಅದು. ಅಷ್ಟು ಖುಷಿ ನನಗೆ ಇತ್ತೀಚೆಗೆ ಯಾವುದರಿಂದಲೂ ಆಗಿರಲಿಲ್ಲ.

ಕರೆಯದೆ ನನ್ನ ಟ್ಯೂನಿನೊಳಗೂ ಬಂದು ಕೂತದ್ದಕ್ಕಾಗಿ, ಅಂದರೆ ಹಾಗೆ ಬಂದಿದ್ದಿರೆಂದು ಅಪ್ಪ ಸಾರಿದ್ದಕ್ಕಾಗಿ, ತಮಗೆ ನನ್ನ ಕೃತಜ್ಞತೆಗಳು ಸಲ್ಲುತ್ತವೆ. ರಜೆಯ ಬೇಡಿಕೆ ಮಾತ್ರ ಹಾಗೆಯೇ ಇದೆ.

ಸದಾ ತಮ್ಮ ನಂತರವೇ ಬಾರಿಸಬೇಕಾಗಿ ಬಂದಿರುವ
ತಮ್ಮ ವಿಶ್ವಾಸಿ,
ಗೌತಮಿ

ತಾ.ಕ.: ಮರುದಿನ ಅಪ್ಪ ಹೊರಗೆ ಹೋದಾಗ ಹಾರ್ಮೋನಿಯಂ ತೆಗೆದು ನನ್ನ ಟ್ಯೂನನ್ನು ಒಂದೊಂದೇ ಸ್ವರ ಒತ್ತಿ ನೋಡಿದೆ. ತಮ್ಮ ಗುರುತಾದ ನಾಲ್ಕು ಕೋಮಲ ಸ್ವರಗಳಲ್ಲಿ ಒಂದೂ ಅದರಲ್ಲಿಲ್ಲ. ತಾವು ಅದರ ಹತ್ತಿರವೂ ಸುಳಿದಿಲ್ಲ. ಒಂದು ಸ್ವರ ಅತ್ತಿತ್ತ ಆದರೆ ಶಿಷ್ಯರನ್ನು ಎಬ್ಬಿಸಿ ಮನೆಗೆ ಕಳಿಸುವ ನಮ್ಮ ಅಪ್ಪ, ಊರ ಜಾಣರೆಲ್ಲರ ಮುಂದೆ, ತಮ್ಮ ಹೆಸರಿನಲ್ಲಿ ಹಸೀ ಸುಳ್ಳು ಹೇಳಿದ್ದಾರೆ. ಮಾನಹಾನಿಯ ದಾವೆ ಹೂಡುವ ಮನಸ್ಸಿದ್ದರೆ ಅವಶ್ಯವಾಗಿ ಹೂಡಿರಿ. ಅದು ಭೈರವಿಯೇ ಆಗಿತ್ತೆಂದು ಆಣೆ ಮಾಡಿ ಸಾಕ್ಷಿ ಹೇಳಲು ನಾನಿದ್ದೇನೆ.