ನಮ್ಮಕ್ಕನ ಬೆಳಕು, ನನ್ನ ಸುಳ್ಳು

ನಮ್ಮ ದೊಡ್ಡಮ್ಮನ ಮಗಳ ಜೊತೆ ಊಟಕ್ಕೆ ಕೂರುವ ಧೈರ್ಯ ನಿಮಗಿದೆಯೇ? ಇದ್ದರೆ ನಮ್ಮೂರು ಸಂಖಕ್ಕೆ ಬನ್ನಿ. ಹಸಿದು ಮಾತ್ರ ಬರಬೇಡಿ!

ಈ ಅಕ್ಕ ಪುಣೆಯಲ್ಲಿ ಬೆಳಕಿನ ಸಂಶೋಧನೆ ಮಾಡುತ್ತಾಳೆ. ಕೂದಲಿಗಿಂತ ತೆಳುವಾದ ಎರಡು ಬಗೆಯ ಪದರಗಳನ್ನು ಒಂದರ ಮೇಲೊಂದು ಜೋಡಿಸಿ, ಅವುಗಳೊಳಗೆ ಬೆಳಕು ಹಾಯಿಸುವುದು ಅವಳ ಕೆಲಸ. ಜೋಡಣೆಗೆ ಕಟ್ಟುನಿಟ್ಟಿನ ನಿಯಮವಿದೆ. ಆದರೂ ಸೀರೆಯಂಚಿನ ಹಾಗೆ ಅದೇ ಚಿತ್ತಾರ ಸಮನಾಗಿ ಮರಳಿ ಬರುವುದಿಲ್ಲವಂತೆ.

ರಜೆಗೆ ಬಂದವಳು, ನನ್ನ ಗಂಡನ ಮನೆಯವರು ಊಟಕ್ಕೆ ಬಂದ ದಿನ ರೊಟ್ಟಿ-ಚಪಾತಿಗಳನ್ನು ಅದೇ ನಿಯಮದಲ್ಲಿ ಪೇರಿಸಿಟ್ಟಳು. ನನ್ನ ಮಾವ ಚಪಾತಿಗೆ ಕೈಹಾಕಿದರು.

"ಮಾವಾರ, ನಡುವಿಂದ ತೆಗೀಬ್ಯಾಡ್ರಿ! ಸಾಲು ಕೆಡತೈತಿ."

"ನನಗ ಹಲ್ಲಿಲ್ಲವ್ವ, ರೊಟ್ಟಿ ಹ್ಯಾಂಗ ತಿನ್ನಲಿ?"

"ಮ್ಯಾಲಿನ ಎರಡು ರೊಟ್ಟಿ ಯಾರರ ತಿನ್ನೂತನಕ ಕುಂದ್ರಿ!"

ಹತ್ತಿರದ ಮಾಡಗ್ಯಾಳ ಊರಿನಲ್ಲಂತೂ ಕುರಿಗಳನ್ನೇ ಸಾಲಿಗೆ ನಿಲ್ಲಿಸಲು ಹೋದಳು: ದೊಡ್ಡದು, ಸಣ್ಣದು, ದೊಡ್ಡದು, ದೊಡ್ಡದು... ಕುರಿ ಕಾಯುವ ಅಜ್ಜ ಕೈಮುಗಿದ: "ಅಕ್ಕಾರ, ಇವಕ್ಕ ಗಣಿತಾ ಬರೂದಿಲ್ರಿ."

"ಇಷ್ಟೆಲ್ಲಾ ಮಾಡಿದ್ರ ಏನಾಗತೈತಿ?" ಎಂದು ಮನೆಮಂದಿಯ ಮುಂದೆ ಅಕ್ಕನನ್ನು ಕೇಳಿದೆ.

"ಕೆಲವು ಬಣ್ಣದ ಬೆಳಕು ದಾಟೂದಿಲ್ಲ, ಅಂಚಿಗೇ ಕುಂದರತೈತಿ. ಪದರ ಚೂರು ಹೆಚ್ಚುಕಡಿಮಿ ಆದ್ರೂ ಏಳೂದಿಲ್ಲ!"

"ನಮ್ಮ ಬೀಗರಂಗ!" ಅಂದೆ. ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು.

ನಾನು ಉಮದಿಯ ಒಂದು ಶಾಲೆಯಲ್ಲಿ ಶಿಕ್ಷಕಿ. ವಿಜ್ಞಾನದ ಕಾರ್ಯಕ್ರಮಕ್ಕೆ ಅಕ್ಕನನ್ನು ಕರೆಯಿರಿ ಎಂದು ಮುಖ್ಯಾಧ್ಯಾಪಕರು ಹೇಳಿದಾಗ ನನ್ನ ಕಣ್ಣಮುಂದೆ ಆ ರೊಟ್ಟಿಗಳ ಗೋಪುರ ಬಂತು. ಎಲ್ಲರೆದುರು ಮಾನ ಹೋದೀತೆಂದು ಹೆದರಿ, "ಆಕಿ ಪುಣೆಕ್ಕ ಹೋಗ್ಯಾಳ್ರಿ" ಎಂದುಬಿಟ್ಟೆ. ಆಗ ಅವಳು ಸಂಖದಲ್ಲಿ ಶೇಂಗಾ ಸುಲಿಯುತ್ತಿದ್ದಳು!

ಕಾರ್ಯಕ್ರಮದ ದಿನ ನೋಡಿದರೆ, ಶಾಲೆಯ ಬಾಗಿಲಲ್ಲಿ ಅಕ್ಕ! ಅದೇ ಶಾಲೆಯಲ್ಲಿ ಓದುವ ನನ್ನ ಮಗಳು, ನನಗೆ ತಿಳಿಸದೆ ಅವಳನ್ನು ಕರೆದಿದ್ದಳು. ಅಕ್ಕನ ಕೈಯಲ್ಲಿ ಗಾಜಿನ ಪಟ್ಟಿಗಳ ಚೀಲ.

"ಪುಣೆಕ್ಕ ಹೋಗೀರಿ ಅಂದಿದ್ರಲ್ರಿ ಬಾಯಾರು?" ಎಂದು ಮುಖ್ಯಾಧ್ಯಾಪಕರು ಅಕ್ಕನನ್ನು ಕೇಳಿದರು. ಬಾಯಾರು ಅಂದರೆ ಶಿಕ್ಷಕಿ, ಅಂದರೆ ನಾನೇ!

ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. "ಹೌದ್ರಿ, ಹೋಗಿದ್ದೆ. ಮುಂಜಾನೆ ಬಂದೆ."

ಅವಳು ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಜೋಡಿಸುತ್ತ ಹೇಳುತ್ತಿದ್ದರೆ, ನನ್ನ ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗಿಯರು ಎದ್ದೆದ್ದು ಪ್ರಶ್ನೆ ಕೇಳಿದರು. ನಾನು ಹಿಂದಿನ ಬೆಂಚಿನಲ್ಲಿ ಮುದುಡಿ ಕುಳಿತಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ ಬಸ್ಸಿಗೆ ಕಾಯುವಾಗ ಹೇಗೋ ಬಾಯಿಬಿಟ್ಟೆ: "ಅಕ್ಕಾ, ನಾ..."

"ನೀ ನಗು," ಎಂದಳು ಅವಳು. "ಎಷ್ಟ ಬೇಕಾದ್ರೂ ನನ್ನ ನೋಡಿ ನಗು. ಆದ್ರ ನಾ ಇದ್ದಾಗ ಇಲ್ಲ ಅನಬ್ಯಾಡವ್ವ."

ಬಸ್ಸು ಬಂತು. ಅವಳ ಚೀಲವನ್ನು ನಾನೇ ಎತ್ತಿಕೊಂಡೆ; ಸಂಖ ಬರುವವರೆಗೂ ಗಾಜು ಅಲುಗದಂತೆ ತೊಡೆಯ ಮೇಲಿಟ್ಟುಕೊಂಡು ಕುಳಿತೆ.