ಅಪ್ಪಣೆಯಿಲ್ಲದ ಪುಣ್ಯ

ಬಹಳ ಹಿಂದೆ, ಪಂಚಾಂಗದವರೂ ಲೆಕ್ಕ ಬಿಟ್ಟಷ್ಟು ಹಿಂದೆ, ಸುವ್ರತನಾಡು ಎಂಬ ರಾಜ್ಯವೊಂದಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ನಿಶ್ಚಿಂತವರ್ಮರು. ಹೆಸರಿಗೆ ತಕ್ಕಂತೆ ಅವರಿಗೆ ಮಧ್ಯಾಹ್ನದ ನಿದ್ದೆ ಎಂದೂ ತಪ್ಪಿರಲಿಲ್ಲ. ಆದರೆ ಜಿಂಕೆವನ ಮಾಡಿಸಲೆಂದು ಅವರು ನದಿಯಾಚೆಯ ಹಳ್ಳಿಗಳ ಗೋಮಾಳಕ್ಕೆ ಬೇಲಿ ಹಾಕಿಸಿದ ವರ್ಷ, ಕುರಿ ಕಾಯುವ ಮುದುಕನೊಬ್ಬ ತುಂಬಿದ ಸಭೆಯಲ್ಲಿ ಕೈಮುಗಿದು, ಇದು ತಪ್ಪು ಮಹಾಪ್ರಭು ಎಂದುಬಿಟ್ಟ. ಅಷ್ಟೇ ಹೇಳಿದ್ದು. ಅಂದಿನಿಂದ ಮಹಾರಾಜರಿಗೆ ಕಣ್ಣು ಹತ್ತಲಿಲ್ಲ.

ರಾಜವೈದ್ಯರ ಕಷಾಯಕ್ಕೆ ಬಗ್ಗದ ಈ ಕಾಯಿಲೆಗೆ ಮದ್ದು ಕಂಡುಹಿಡಿದವರು ಸಚಿವ ಶ್ರುತಕೀರ್ತಿಗಳು. ಸರಿ ತಪ್ಪು ಎಂಬುವು ಮರದಲ್ಲಿ ಕಾಯಿ ಬಿಟ್ಟಂತೆ ತಾವಾಗಿಯೇ ಇರುವುದಿಲ್ಲ, ದೇವರು ಮಾಡು ಎಂದದ್ದು ಸರಿ, ಬೇಡ ಎಂದದ್ದು ತಪ್ಪು ಎಂದು ಅವರು ವಿನಯದಿಂದ ಬಿನ್ನವಿಸಿದರು. ದೇವರು ಯಾರೊಡನೆ ಮಾತಾಡುತ್ತಾನೆ ಎಂದು ಮಹಾರಾಜರು ಕೇಳಿದರು. ಪ್ರಭುಗಳ ಮಧ್ಯಾಹ್ನದ ನಿದ್ದೆಯಲ್ಲಿ, ಪ್ರಭುಗಳೊಡನೆಯೇ ಎಂದು ಸಚಿವರು ಅರಿಕೆ ಮಾಡಿಕೊಂಡರು. ಮಹಾರಾಜರು ಆಗಲೇ ಮಲಗಿ ಎರಡು ತಾಸು ಗೊರಕೆ ಹೊಡೆದು ಎದ್ದರು. ಜಿಂಕೆವನಕ್ಕೆ ದೇವರ ಒಪ್ಪಿಗೆ ಸಿಕ್ಕಿತ್ತು.

ಮರುದಿನವೇ ಸುತ್ತೋಲೆ ಹೊರಟಿತು. ದೈವಾಜ್ಞೆ ಬಾರದ ಯಾವ ವಿಷಯದಲ್ಲೂ ಪ್ರಜೆಗಳು ಸ್ವಂತ ಬುದ್ಧಿಯಿಂದ ಒಳ್ಳೆಯದನ್ನಾಗಲೀ ಕೆಟ್ಟದ್ದನ್ನಾಗಲೀ ಮಾಡತಕ್ಕದ್ದಲ್ಲ, ಕೈಕಟ್ಟಿ ನಿಲ್ಲತಕ್ಕದ್ದು. ಇದನ್ನು ಹಳ್ಳಿಹಳ್ಳಿಗೂ ಸಾರಲು ಡಂಗುರದ ಗಾದಿಲಿಂಗ ಹಲಗೆ ಹೆಗಲಿಗೇರಿಸಿ ಹೊರಟ.

ನದಿ ದಾಟಿಸುವವಳು ಹೊನ್ನೂರವ್ವ. ನಲವತ್ತು ವರ್ಷದಿಂದ ಹರಿಗೋಲು ಹಾಕಿ ಅಂಗೈ ಚಕ್ಕಳದಂತಾಗಿದ್ದ ಹೆಂಗಸು. ಗಂಡ ಸತ್ತಮೇಲೂ ಹುಟ್ಟು ಕೆಳಗಿಟ್ಟವಳಲ್ಲ. ಅಂದು ನಡುನೀರಿನಲ್ಲಿ ಗಾದಿಲಿಂಗ ಸುತ್ತೋಲೆಯನ್ನು ಬಾಯಿಪಾಠ ಮಾಡಲೆಂದು ಎದ್ದುನಿಂತ, ಹರಿಗೋಲು ತಿರುಗಿತು, ಹಲಗೆ ಸಮೇತ ನೀರಿಗೆ ಬಿದ್ದ. ಹೊನ್ನೂರವ್ವ ಅವನ ಜುಟ್ಟು ಹಿಡಿದು ಎಳೆದು ದಡಕ್ಕೆ ತಂದು, ಬೋರಲು ಮಲಗಿಸಿ ಬೆನ್ನಿಗೆ ಎರಡು ಗುದ್ದಿದಳು. ಕುಡಿದ ನೀರನ್ನೆಲ್ಲ ಕಾರಿಕೊಂಡ ಗಾದಿಲಿಂಗ ಮೊದಲು ಅವಳ ಕಾಲು ಮುಟ್ಟಿದ. ಆಮೇಲೆ ಎದ್ದು, ಒದ್ದೆ ಹಲಗೆ ಬಡಿದು, ಸುತ್ತೋಲೆ ಸಾರಿದ. ಸಾರುತ್ತ ಸಾರುತ್ತ ಅವನ ದನಿ ಇಳಿಯಿತು. ಅವ್ವ, ನೀನು ಸಿಕ್ಕಿಬಿದ್ದೆಯಲ್ಲ ಎಂದು ಅಳುಮುಖ ಮಾಡಿದ. ಸರ್ಕಾರಿ ನೌಕರನಾದ್ದರಿಂದ ವರದಿ ಕೊಡದೆ ಅವನಿಗೆ ವಿಧಿಯಿರಲಿಲ್ಲ.

ಅನುಮತಿಯಿಲ್ಲದೆ ಒಳ್ಳೆಯದು ಮಾಡಿದ ಆರೋಪದ ಮೇಲೆ ಹೊನ್ನೂರವ್ವನನ್ನು ಆಸ್ಥಾನಕ್ಕೆ ಕರೆತಂದರು. ಸುತ್ತೋಲೆ ತನಗೆ ಗೊತ್ತೇ ಇರಲಿಲ್ಲ, ಸಾರಬೇಕಾದವನೇ ನೀರಲ್ಲಿದ್ದ ಎಂದು ಅವಳು ಹೇಳಿನೋಡಿದಳು. ದೈವಾಜ್ಞೆ ಸಹಿ ಬಿದ್ದ ಗಳಿಗೆಯಿಂದಲೇ ಜಾರಿ ಎಂದು ಸಚಿವರು ವಿವರಿಸಿದರು. ಆಸ್ಥಾನದವರು ತಲೆದೂಗಿದರು. ಅಂಥ ನುಣುಪಾದ ವಾದವನ್ನು ತಾವು ಜನ್ಮದಲ್ಲಿ ಕೇಳಿಲ್ಲವೆಂದು ಒಬ್ಬರು, ಹಿಂದಿನ ಜನ್ಮದಲ್ಲೂ ಕೇಳಿಲ್ಲವೆಂದು ಇನ್ನೊಬ್ಬರು.

ಹೊನ್ನೂರವ್ವನಿಗೆ ಹೆದರಿಕೆಯಿತ್ತು. ಆದರೆ ಹೆದರಿಕೆಗಿಂತ ಹೆಚ್ಚಾಗಿ ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಅದನ್ನು ಕೇಳಿಯೇಬಿಟ್ಟಳು.

"ಬುದ್ಧೀ, ಒಳ್ಳೆಯದು ಅಂತ ದೇವರು ಮಾಡು ಅಂತಾನೋ, ದೇವರು ಮಾಡು ಅಂದದ್ದಕ್ಕೆ ಅದು ಒಳ್ಳೆಯದಾಗುತ್ತೋ?"

"ದೇವರು ಅಂದದ್ದಕ್ಕೇ ಒಳ್ಳೆಯದಾಗುತ್ತದೆ. ಅದರಲ್ಲಿ ಸಂಶಯವೇ ಇಲ್ಲ," ಎಂದರು ಶ್ರುತಕೀರ್ತಿಗಳು.

"ಹಂಗಾದ್ರೆ ನಾಳೆ ಎಳೆಗೂಸಿನ ಕತ್ತು ಹಿಸುಕು ಅಂದರೆ?"

"ದೇವರು ಅಂಥ ಆಜ್ಞೆ ಕೊಡುವುದಿಲ್ಲ."

"ಯಾಕೆ ಕೊಡಲ್ಲ?"

"ಯಾಕೆಂದರೆ ಅದು ಕೆಟ್ಟ..." ಎಂದ ಸಚಿವರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು.

ಬಾಗಿಲಲ್ಲಿ ಸಾಕ್ಷಿಗೆಂದು ನಿಂತಿದ್ದ ಗಾದಿಲಿಂಗ ನೆಲ ನೋಡಿದ. ಹೊನ್ನೂರವ್ವನಿಗೆ ಆ ಕ್ಷಣ ಸಚಿವರನ್ನು ಕಂಡು ಅಯ್ಯೋ ಅನ್ನಿಸಿತು. ಮುಳುಗುವವನ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮಹಾರಾಜರು ನಿದ್ದೆಯ ವೇಳೆಯಾಯಿತೆಂದು ಎದ್ದರು. ಸಚಿವರು ಬದುಕಿಕೊಂಡರು.

ಸಂಜೆಯ ಹೊತ್ತಿಗೆ ಹೊಸ ದೈವಾಜ್ಞೆ ಬಂತು. ಯಾಕೆ ಎಂದು ಕೇಳುವುದು ಇನ್ನು ಮುಂದೆ ಪಾಪ. ಹೊನ್ನೂರವ್ವನ ಹರಿಗೋಲಿಗೆ ಮೊಹರು. ಅವಳ ವಯಸ್ಸನ್ನು ನೋಡಿ ಸೆರೆಮನೆ ಮಾತ್ರ ಮಾಫಿ. ಪ್ರಜೆಗಳ ಅನುಕೂಲಕ್ಕಾಗಿ ನದಿದಡದಲ್ಲಿ ಪುಣ್ಯಾನುಮತಿ ಕೇಂದ್ರವೊಂದನ್ನು ತೆರೆದರು. ಏಕಗವಾಕ್ಷಿ ವ್ಯವಸ್ಥೆ. ಬಾಯಾರಿದವನಿಗೆ ನೀರು ಕೊಡಲು ಒಂದು ನಮೂನೆ, ಬಿದ್ದವನನ್ನು ಎತ್ತಲು ಇನ್ನೊಂದು. ಮೊದಮೊದಲು ಜನ ನಕ್ಕರು. ಆಮೇಲೆ ಸಾಲಿನಲ್ಲಿ ನಿಂತರು. ನಿಂತು ಅಭ್ಯಾಸವಾದಮೇಲೆ ಅನುಮತಿ ಕೇಳದೆ ಬಿಕ್ಕಲೂ ಹೆದರುವಂತಾದರು. ಕದಿಯುವವರು ಮಾತ್ರ ಸಾಲಿನಲ್ಲಿ ನಿಲ್ಲದೆ ಹಿಂದಿನಂತೆಯೇ ಕದಿಯುತ್ತಿದ್ದರು.

ಇಷ್ಟೆಲ್ಲ ಸಾಧಿಸಿದ ಮಹಾರಾಜರಿಗೆ ಧರ್ಮಸ್ವರೂಪಿ ಎಂಬ ಬಿರುದಿನೊಂದಿಗೆ ಎರಡನೆಯ ಪಟ್ಟಾಭಿಷೇಕ ಗೊತ್ತಾಯಿತು. ನದಿಯಾಚೆಯವರು ಕಡ್ಡಾಯವಾಗಿ ಬಂದು ಸಂತೋಷಪಡತಕ್ಕದ್ದೆಂದು ಆಜ್ಞೆಯಾಯಿತು. ಹದಿನೈದು ಮಂದಿ ಹಿಡಿಯುವ ಅರಮನೆಯ ಅಲಂಕಾರದ ದೋಣಿಗೆ ನಲವತ್ತು ಮಂದಿಯನ್ನು ತುಂಬಿದರು. ದಡದಲ್ಲಿ ಕೂತಿದ್ದ ಹೊನ್ನೂರವ್ವ ದೋಣಿಯ ಅಂಚು ನೀರಿಗೆ ತಾಗುವುದನ್ನು ಕಂಡು ಎದ್ದುನಿಂತಳು. ಅವಳು ಕೂಗುವಷ್ಟರಲ್ಲಿ ದೋಣಿ ಮಗುಚಿತು.

ದಡದಲ್ಲಿ ಈಜು ಬಲ್ಲ ಗಂಡಾಳುಗಳೇ ಇಪ್ಪತ್ತು ಮಂದಿಯಿದ್ದರು. ಅವರೆಲ್ಲ ಓಡಿದರು. ಓಡಿದ್ದು ಕೇಂದ್ರದ ಕಿಟಕಿಗೆ. ಒಳಗಿದ್ದ ಗುಮಾಸ್ತ, ಸರ್ವರ್ ಡೌನ್ ಇದೆ, ಮಹಾರಾಜರು ಇನ್ನೂ ಮಲಗಿಲ್ಲ ಎಂದ. ಅವರು ನಮೂನೆಗಳನ್ನು ಕೈಯಲ್ಲಿ ಹಿಡಿದು ನದಿಯತ್ತ ನೋಡುತ್ತ ನಿಂತರು. ಒಬ್ಬನ ತಂಗಿಯೇ ನೀರಿನಲ್ಲಿದ್ದಳು. ಅವನೂ ನಮೂನೆ ಹಿಡಿದೇ ನಿಂತಿದ್ದ.

ಹೊನ್ನೂರವ್ವ ಸೀರೆ ಕಚ್ಚೆ ಕಟ್ಟಿ ಧುಮುಕಿದಳು. ಈಜಲು ಬಾರದ ಗಾದಿಲಿಂಗ ಎದೆಮಟ್ಟದ ನೀರಿಗಿಳಿದು, ಅವಳು ತಂದವರನ್ನು ಒಬ್ಬೊಬ್ಬರನ್ನಾಗಿ ದಡಕ್ಕೆ ದಾಟಿಸಿದ. ಈ ಸಲ ಅವನು ಯಾವ ವರದಿಯನ್ನೂ ನೆನೆಯಲಿಲ್ಲ. ತಾವಾಗಿ ಈಜಿದವರು ಈಜಿದರು, ಅವಳು ಹನ್ನೊಂದು ಮಂದಿಯನ್ನು ಎಳೆದಳು. ಹನ್ನೆರಡನೆಯದಾಗಿ ಒಂದು ಹುಡುಗಿಯ ಕೈ ಸಿಕ್ಕಿತ್ತು. ಹೊನ್ನೂರವ್ವನ ತೋಳಿನಲ್ಲಿ ಶಕ್ತಿ ಉಳಿದಿರಲಿಲ್ಲ. ಕೈ ಜಾರಿತು. ಒಂಬತ್ತು ಮಂದಿ ಹೋದರು.

ಪಟ್ಟಾಭಿಷೇಕ ಮುಹೂರ್ತಕ್ಕೆ ಸರಿಯಾಗಿ ನಡೆಯಿತು. ಭೋಜನದ ನಂತರ ಮಹಾರಾಜರು ಮಲಗಿ ಎದ್ದರು. ಮುಳುಗಿದ್ದು ಒಳ್ಳೆಯದು ಎಂದು ದೈವಾಜ್ಞೆಯಾಯಿತು. ಸತ್ತವರ ಮನೆಯವರು ಮರುದಿನ ಹೊಸಬಟ್ಟೆ ಉಟ್ಟು, ಅರಮನೆಯ ಮುಂದೆ ಕೃತಜ್ಞತೆ ಸಲ್ಲಿಸಬೇಕಿತ್ತು. ಇದನ್ನು ಸಾರಲಾರೆ ಎಂದ ಗಾದಿಲಿಂಗನನ್ನೂ, ಎರಡನೆಯ ಸಲ ತಪ್ಪು ಮಾಡಿದ ಹೊನ್ನೂರವ್ವನನ್ನೂ ಹೆಬ್ಬಾಗಿಲ ಪಕ್ಕದ ಸೆರೆಗೆ ಹಾಕಿದರು.

ಮರುದಿನ ಸರಳಿನ ಹಿಂದಿನಿಂದ ಹೊನ್ನೂರವ್ವ ಸತ್ತವರ ಮನೆಯವರ ಸಾಲನ್ನು ನೋಡಿದಳು. ಜರಿ ಅಂಚಿನ ಸೀರೆಗಳು, ಮಡಿಕೆ ಬಿಚ್ಚದ ಪಂಚೆಗಳು. ಸಾಲಿನಿಂದ ಒಬ್ಬ ಹೆಂಗಸು ಮೆಲ್ಲಗೆ ಸರಿದು ಸರಳಿನ ಬಳಿ ಬಂದಳು. ಕೈ ಜಾರಿದ ಹುಡುಗಿಯ ತಾಯಿ. ಹೊನ್ನೂರವ್ವ ಬೈಗುಳಕ್ಕೆ ತಲೆ ತಗ್ಗಿಸಿದಳು. ಆ ತಾಯಿ ಬೈಯಲಿಲ್ಲ.

"ಅವ್ವ, ನಿನಗೆ ತಿಳಿಯುತ್ತೆ ಅಂತ ಕೇಳ್ತೀನಿ. ನಾನು ಅಳಬಹುದಾ?"

"ಅಳು ಮಗಳೇ," ಎಂದಳು ಹೊನ್ನೂರವ್ವ. "ಅದನ್ನು ಯಾರನ್ನೂ ಕೇಳಬೇಡ."

ಹೆಂಗಸಿನ ತುಟಿ ಅದುರಿತು. ಅಷ್ಟರಲ್ಲಿ ಕಾವಲಿನವನು ಸಾಲು ಸರಿಮಾಡಿಕೊಳ್ಳಿ ಎಂದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ತನ್ನ ಜಾಗಕ್ಕೆ ಹಿಂತಿರುಗಿ, ಉಪ್ಪರಿಗೆಯಲ್ಲಿ ಕಾಣಿಸಿಕೊಂಡ ಧರ್ಮಸ್ವರೂಪಿಗಳತ್ತ ನೋಡಿ ಎಲ್ಲರೊಡನೆ ಚಪ್ಪಾಳೆ ತಟ್ಟಿದಳು.